ಫಾಲ್ ಹಚ್ಚಿದ ಸೀರೆ

ಹನುಮಂತಮ್ಮ ನನ್ನಪ್ಪನ ಅಕ್ಕ. ಗಂಡ ತೀರಿಕೊಂಡಾಗ ಅವಳಿಗೆ ಈಗಿನ ನನ್ನಷ್ಟೇ ವಯಸ್ಸು. ಈಗ ಅರವತ್ತರ ಹತ್ತಿರ. ಅಂದಿನಿಂದ ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ, ಸೀರೆಗಳಿಗೆ ಫಾಲ್ ಹಚ್ಚಿಕೊಂಡು ಒಬ್ಬಳೇ ಇದ್ದಾಳೆ. ಎಂ.ಎ. ಮುಗಿಸಿ ಕೆಲಸ ಸಿಗದೆ ನಾನು ಅವಳ ಬಳಿ ಬಂದೆ. ಮನೆಯಲ್ಲಿ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಗಿರಾಕಿಗಳ ಮುಂದೆ ಮಾತ್ರ ಅತ್ತೆಯ ನಾಲಿಗೆ ಚುರುಕು. ನಾನು ಯಾರಾದರೂ ಬಂದರೆ ಒಲೆಯ ಕಡೆ ಸರಿದುಬಿಡುತ್ತೇನೆ.

ಕತ್ತಲಗೆರೆಯ ಬೋರಣ್ಣ, ಹೆಂಡತಿ ತೀರಿಕೊಂಡ ಮೇಲೆ, ಸೊಸೆಯ ಸೀರೆಗಳನ್ನು ತಾವೇ ತರುತ್ತಿದ್ದರು. ಕೊಟ್ಟು ಹೊರಡಲು ಒಂದು ಗಳಿಗೆ ಸಾಕು. ಅವರು ಎರಡು ಬಸ್ಸಾದರೂ ಬಿಡುತ್ತಿದ್ದರು. ಮಂಡಿನೋವು, ಮೊಮ್ಮಗಳ ಸ್ಕೂಲು, ಹೀಗೇ ಏನಾದರೂ ಮಾತು. ಅವರು ಬರುವ ಬುಧವಾರ ಅತ್ತೆ ಬೆಳಿಗ್ಗೆಯೇ ತಲೆ ಬಾಚಿಕೊಂಡಿರುತ್ತಿದ್ದಳು.

ಆವತ್ತು ಅವರು ತಂದದ್ದು ಒಂದೇ ಸೀರೆ. ಗಿಳಿಹಸಿರು, ಕೆಂಪಂಚು. ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

“ಇದು... ಉಡಾಕೆ,” ಎಂದರು.

“ಸೀರೆ ಉಡಾಕಲ್ದೆ ಹಾಸಾಕೆ ತರ್ತಾರೇನ್ರಿ?” ಅತ್ತೆ ನಕ್ಕಳು. “ಇಟ್ಟೋಗ್ರಿ. ಮುಂದಿನ ಬುಧವಾರ ಬರ್ರಿ.”

“ಹಂಗಾರೆ ಬರ್ಲಾ?”

“ಬರ್ದೆ ಏನ್ಮಾಡ್ತೀರಿ?”

ಅವತ್ತು ಬೋರಣ್ಣ ಕೂರಲೂ ಇಲ್ಲ. ಮಂಡಿನೋವು ಮರೆತವರಂತೆ ಬಸ್ಸಿಗೆ ಓಡಿದರು.

ಮುಂದಿನ ಬುಧವಾರ ಅವರ ಜೊತೆ ಅಕ್ಕ ಕೊಲ್ಲಾಪುರಮ್ಮ ಬಂದಿದ್ದರು. ಕೈಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು. ಅತ್ತೆ ಸೀರೆಯನ್ನು ಮಡಚಿ ಪೇಪರಿನಲ್ಲಿ ಸುತ್ತಿ ಮುಂದೆ ಇಟ್ಟಳು.

“ಫಾಲ್ ಹಚ್ಚಿದೀನಿ, ಜಿಗ್‌ಜಾಗ್ ಆಗೈತೆ. ನಿಮ್ಮ ಸೊಸೆಗೆ ಒಪ್ತೈತೆ ಬಿಡ್ರಿ.”

ಬೋರಣ್ಣ ನೆಲ ನೋಡಿದರು. ಕೊಲ್ಲಾಪುರಮ್ಮ ತಮ್ಮನ ಬೆನ್ನಿಗೊಂದು ಗುದ್ದಿದರು. “ಬಾಯ್ಬಿಟ್ಟು ಹೇಳಾಕೆ ಏನಾಗಿತ್ತೋ ಮೂಗಬಸವ? ಸೊಸೆಗಲ್ಲ ಕಣವ್ವ, ಇದು ನಿಂಗೆ.”

ನಮ್ಮವರಲ್ಲಿ ಸೀರುಡಿಕೆ ಎಂಬುದೊಂದಿದೆ. ಛತ್ರ ಬೇಡ, ಓಲಗ ಬೇಡ. ಗಂಡ ಸತ್ತವಳು ಒಬ್ಬ ಗಂಡಸು ಕೊಟ್ಟ ಸೀರೆ ಉಟ್ಟರೆ ಅವನ ಹೆಂಡತಿ. ಅತ್ತೆ ಆ ಸೀರೆಯನ್ನು ಒಂದು ವಾರ ತೊಡೆಯ ಮೇಲೆ ಹರಡಿಕೊಂಡು ಹೊಲಿದಿದ್ದಳು. ಅದರ ಬಣ್ಣಕ್ಕೆ ಸರಿಯಾದ ದಾರ ಹುಡುಕಲು ಮೂರು ಅಂಗಡಿ ತಿರುಗಿದ್ದಳು.

ಅವಳ ಮುಖ ಕಿವಿಯವರೆಗೂ ಕೆಂಪೇರಿತು. ಸೆರಗು ಸರಿಮಾಡಿಕೊಂಡಳು. ಹೂಂ ಅನ್ನು ಅತ್ತೆ, ಎಂದು ನಾನು ಒಲೆಯ ಬಳಿ ನಿಂತು ಮನಸ್ಸಿನಲ್ಲೇ ಬೇಡುತ್ತಿದ್ದೆ.

“ನಿಮ್ಮ ಮನೇಲಿ ನಾನು ಎಲ್ಲಿ ಕುಂತ್ಕಳ್ಳಿ?” ಎಂದಳು ಕೊನೆಗೆ, ಮೆಲ್ಲಗೆ. “ಸೊಸೆ ಅಡುಗೆಮನೆ ಅದು. ಇಲ್ಲಿ ಬಾಗ್ಲು ಹಾಕೋಳೂ ನಾನೇ, ತೆಗೆಯೋಳೂ ನಾನೇ. ಈ ವಯಸ್ನಾಗೆ ಅದನ್ನ ಬಿಡಾಕೆ ಆಗಲ್ಲ, ಬೋರಣ್ಣಾರೇ.”

ಬೋರಣ್ಣ ಸೀರೆ ತೆಗೆದುಕೊಂಡರು. ಬಾಳೆಹಣ್ಣು ಅಲ್ಲೇ ಉಳಿದವು. ಅತ್ತೆ ಅವನ್ನು ತಿನ್ನಲಿಲ್ಲ, ಬೀದಿ ಹಸುವಿಗೂ ಕೊಡಲಿಲ್ಲ. ಕಪ್ಪಾಗುವವರೆಗೆ ಕಿಟಕಿಯಲ್ಲೇ ಇದ್ದವು.

ನಾಲ್ಕು ವಾರ ಕತ್ತಲಗೆರೆಯಿಂದ ಯಾರೂ ಬರಲಿಲ್ಲ. ಬುಧವಾರ ಬಂದರೆ ಅತ್ತೆ ಒಂದೇ ಅಂಚನ್ನು ಹೊಲಿದು ಬಿಚ್ಚುತ್ತಿದ್ದಳು. “ಬೇಜಾರಾ ಅತ್ತೆ?” ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. “ಹೂಂ,” ಎಂದಳು. ಅಷ್ಟು ನೇರವಾಗಿ ನಾನು ನನ್ನ ಡೈರಿಯಲ್ಲೂ ಬರೆದುಕೊಂಡಿಲ್ಲ.

ಐದನೇ ವಾರ ಸೊಸೆ ಕಾವ್ಯಶ್ರೀ ತಾನೇ ಸೀರೆ ತಂದಳು. “ಮಾವ ಬರಾಕೆ ಒಲ್ಲೆ ಅಂದ್ರು. ಇನ್ಮೇಲೆ ನಾನೇ ಬರ್ತೀನಿ, ಅಮ್ಮಾರೇ.”

ಅತ್ತೆ ಸೀರೆ ಬಿಡಿಸಿ ಅಂಚು ನೋಡಿದಳು. ನೋಡುತ್ತಲೇ ಇದ್ದಳು. ಕಾವ್ಯಶ್ರೀ ಚಪ್ಪಲಿ ಮೆಟ್ಟಿಕೊಂಡಳು.

“ಕೇಳವ್ವ. ನಿಮ್ಮ ಮಾವಗೆ ಹೇಳು. ಹನುಮಂತಮ್ಮ ಬ್ಯಾಡ ಅಂದಿದ್ದು ಸೀರೆನ. ಬರಬ್ಯಾಡ್ರಿ ಅಂದಿಲ್ಲ ಅಂತ.”

ಕಾವ್ಯಶ್ರೀ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅತ್ತೆ ನಗಲಿಲ್ಲ.

“ಹಿಂಗೇ ಹೇಳ್ಬೇಕು. ಮರೀಬ್ಯಾಡ,” ಎಂದಳು.