ದೂಮಕ್ಕನ ಬುಟ್ಟಿ

ರಬಾಳೆಯ ಆ ಶೆಡ್ಡಿನಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಹಾಕಿದರೆ ಹಾಳೆಗಳು ಹಾರುತ್ತಿದ್ದವು. ಬೆವರು ಬಿದ್ದು ಶಾಯಿ ಕದಡಬಾರದೆಂದು ಕುಶಲ ಮೊಣಕೈಗೆ ಹಳೇ ಬನಿಯನ್ ಸುತ್ತಿಕೊಂಡು ಕಾಮಿಕ್ಸ್ ಬಿಡಿಸುತ್ತಿದ್ದಳು. ಎರಡು ವರ್ಷದಲ್ಲಿ ನೂರ ಹತ್ತು ಪುಟ. ಉಳಿದದ್ದು ಇನ್ನು ಹತ್ತೇ, ಕಥೆಯ ಕೊನೆ.

ಕಥೆ ಅವಳ ಅಜ್ಜಿಯದು. ಠಾಣೆಯ ವಾಗ್ಳೆ ಎಸ್ಟೇಟಿನ ಚಾಳಿನಲ್ಲಿ, ಅಪ್ಪ ಹೋಟೆಲಿನಿಂದ ತಂದ ಬಿಲ್ ಪುಸ್ತಕಗಳ ಬೆನ್ನಿಗೆ ಪುಟ್ಟ ಕುಶಲ ಗೀಚುತ್ತ ಕೂತರೆ, ಅಜ್ಜಿ ಬುಟ್ಟಿಯಲ್ಲಿ ಕಡಲನ್ನೇ ಹೊತ್ತು ತಿರುಗುವ ಮೀನುಗಾರ್ತಿ ದೂಮಕ್ಕನ ಕಥೆ ಕಟ್ಟುತ್ತಿದ್ದಳು. ಅಜ್ಜಿಗೊಂದು ಹಟ. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅಜ್ಜಿ ಹೋದ ಮೇಲೆ ಆ ಕಥೆಯ ಕೊನೆ ಗೊತ್ತಿದ್ದದ್ದು ಕುಶಲಳೊಬ್ಬಳಿಗೇ. ಶೆಡ್ಡಿನಲ್ಲೂ ಅದೇ ರೂಢಿ: ಅವಳು ಹೇಳುತ್ತ ಬಿಡಿಸುವಳು, ಬಣ್ಣ ತುಂಬುವ ಕೀರ್ತನ್, ಅಕ್ಷರ ಬರೆಯುವ ನಿಕಿತಾ ಹೂಂಗುಟ್ಟುವರು.

ಆ ಬೆಳಿಗ್ಗೆ ಮಾಲೀಕ ಜಯೇಶ್ ಮುಖಪುಟ ತಂದು ಮೇಜಿನ ಮೇಲಿಟ್ಟ. 'ಕಥೆ, ಚಿತ್ರ: ಜಯೇಶ್.' ಬೇರೆ ಯಾರ ಹೆಸರೂ ಇಲ್ಲ.

"ಸರ್, ನಮ್ಮ ಹೆಸರು?" ಅಂದಳು ಕುಶಲ.

"ನಿನ್ನ ಹೆಸರು ನೋಡಿ ಯಾರು ತಕೊಳ್ತಾರೆ ಮಾರಾಯ್ತಿ? ಒಂದೇ ಊರಿನವಳು ಅಂತ ಕೆಲಸ ಕೊಟ್ಟದ್ದು ಮರ್ತುಹೋಯ್ತಾ? ಈಗ ಕೊನೆ ಹೇಳು, ಟೈಪ್ ಮಾಡ್ತೇನೆ. ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು."

ಕುಶಲ ಪೆನ್ಸಿಲ್ ಕೆಳಗಿಟ್ಟಳು.

"ದೂಮಕ್ಕ ಧಣಿಯ ಮನೆ ಚಾವಡಿಗೆ ಬಂದ್ಲು. ಧಣಿ ಹೇಳಿದ, ಬುಟ್ಟಿ ನಂದು, ಇಳಿಸು ಅಂತ."

ಕೀರ್ತನ್ ರೂಢಿಯಂತೆ ಬಾಯಿ ತೆರೆದ. ಮುಖಪುಟ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ. ನಿಕಿತಾ ಕಿಟಕಿಯತ್ತ ತಿರುಗಿ ಕೂತಳು.

"ಮುಂದೆ?" ಅಂದ ಜಯೇಶ್.

"ಹೂಂ ಅನ್ನುವವರಿಲ್ಲ ಸರ್. ಕಥೆ ನಿಂತಿತು."

"ಹೂಂ. ಹೇಳು."

"ಕಥೆ ಬರೆದವರು ನೀವಲ್ವಾ? ಮುಂದಿನದ್ದು ನಿಮಗೇ ಗೊತ್ತಿರ್ಬೇಕು."

ಜಯೇಶನ ಕಿವಿ ಕೆಂಪಾಯಿತು. "ನಾಳೆಯೇ ಬೇರೆಯವರನ್ನು ತಂದು ಕೂರಿಸ್ತೇನೆ."

"ಬಿಠಾವೋ ಸರ್, ಕೂರಿಸಿ," ಅಂದಳು ನಿಕಿತಾ, ಚೀಲ ಹೆಗಲಿಗೇರಿಸುತ್ತ. "ಲೇಕಿನ್ ಉನ್‌ಕೋ ಕಹಾನಿ ಕೌನ್ ಬತಾಯೇಗಾ? ಕಥೆ ಯಾರು ಹೇಳ್ತಾರೆ ಅವರಿಗೆ?"

ಮೂವರೂ ಹೊರಬಿದ್ದರು. ನೂರ ಹತ್ತು ಪುಟ ಅವನ ಕಪಾಟಿನಲ್ಲೇ ಉಳಿದವು. ಕೊನೆ ಮಾತ್ರ ಇವರ ಜೊತೆ ಬಂತು.

ಮಧ್ಯಾಹ್ನದ ಠಾಣೆ ಲೋಕಲ್ ರೈಲು ಖಾಲಿಯಿತ್ತು. ಕೂತ ಕೂಡಲೇ ಕೀರ್ತನ್ ಕೇಳಿದ, "ಬುಟ್ಟಿ ಕೊಟ್ಬಿಟ್ಲಾ ಕುಶಲಾ?"

ಕುಶಲ ತೊಡೆಯ ಮೇಲೆ ಹೊಸ ಹಾಳೆ ಹರಡಿದಳು.

"ಕೊಡೂದಾ? ಧಣಿಯ ಚಾವಡಿಯಲ್ಲೇ ಬೋರಲು ಹಾಕಿದ್ಲು."

"ಹೂಂ," ಅಂದ ಕೀರ್ತನ್.

"ಹೂಂ," ಅಂದಳು ನಿಕಿತಾ.

"ಮೊದಲನೇ ಅಲೆಗೇ ಧಣಿಯ ಹೊಸ್ತಿಲು ಕಿತ್ತುಹೋಯ್ತು."