ತೂಕದ ಕಾಲಮ್

ಕೆಂಪು ಚುಕ್ಕಿ, ಪರದೆಯ ಬಲಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು, ಹತ್ತಿತು, ಆರಿತು, ಹತ್ತಿತು — ಮೋಹನದಾಸನ ಕೈಯಲ್ಲಿದ್ದ ಚಹಾದ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು, ಬಂತಲ್ಲ, ಕೊನೆಗೂ ಬಂತಲ್ಲ, ಮೂರು ವಾರ ತಲೆ ಕೆರೆದುಕೊಂಡು ಬರೆದ ನಿಯಮ ಬಾಯಿ ಬಿಟ್ಟಿತಲ್ಲ, ಆದರೆ ಈ ಕೆಂಪನ್ನು ಎಲ್ಲೋ ನೋಡಿದ್ದು ಉಂಟು, ಇದೇ ಕೆಂಪು, ಚರ್ಮದ ಒಳಗಿನಿಂದ ಬರುವ ಕೆಂಪು, ಎಲ್ಲಿ — ಇರಲಿ, ಮೊದಲು ಇದನ್ನು ನೋಡುವ. ಗಂಟೆ ಮೂರೂ ಮೂವತ್ತೈದು. ಐದಕ್ಕೆ ಸಂಕಪ್ಪ ಸರ್ ಮೇಜಿನ ಮೇಲೆ ವರದಿ ಇರಬೇಕು. ಅತ್ತಾವರದ ಈ ಆಸ್ಪತ್ರೆಗೆ ಏಳು ಮಹಡಿ, ಮೋಹನದಾಸನ ಕೋಣೆ ಏಳಕ್ಕೂ ಕೆಳಗೆ, ನೆಲದಡಿಯಲ್ಲಿ, ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು, ಗೋಡೆ ಮುಟ್ಟಿದರೆ ಬಿಸಿ, ಮತ್ತು ಮೇಲೆ ಯಾರು ಯಾವ ರೋಗಿಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದರೂ ಇಲ್ಲಿ ಒಂದು ಸಾಲು ಬಂದು ಬೀಳುತ್ತದೆ, ಯಾರು ತೆರೆದರು, ಎಷ್ಟು ಹೊತ್ತಿಗೆ, ಏನು ನೋಡಿದರು. ದಿನಕ್ಕೆ ಲಕ್ಷ ಸಾಲು. ಅದನ್ನು ಓದುವ ಮನುಷ್ಯ ಹುಟ್ಟಲಿಲ್ಲ, ಆದ್ದರಿಂದ ನಿಯಮ, ಇಂಥದ್ದು ಕಂಡರೆ ಕೂಗು ಎಂದು ಯಂತ್ರಕ್ಕೆ ಹೇಳಿಕೊಡುವುದು. ಹೋದ ತಿಂಗಳು ಒಬ್ಬ ರೋಗಿಯ ಸ್ಕ್ಯಾನ್ ವರದಿ ಅವನ ಮನೆಯವರಿಗೆ ತಿಳಿಯುವ ಮೊದಲೇ ಊರಿನ ಫೋನುಗಳಲ್ಲಿ ಓಡಾಡಿತು, ಆಡಳಿತಾಧಿಕಾರಿ ಸಂಕಪ್ಪ ಸರ್ ಮುಖ ಕೆಂಡ, ಅನಗತ್ಯವಾಗಿ ಫೈಲು ನೋಡಿದವರು ಮೊದಲು ಯಾರು ಸಿಗ್ತಾರೋ ಅವರು ಮನೆಗೆ, ಡಾಕ್ಟರೇ ಆಗಲಿ, ನರ್ಸೇ ಆಗಲಿ, ನಾನು ಮುಖ ನೋಡುವುದಿಲ್ಲ ಎಂದಿದ್ದರು. ಮೋಹನದಾಸನೂ ತಲೆಯಾಡಿಸಿದ್ದ.

ಮೊದಲ ದಿನ ಬರೆದ ನಿಯಮಕ್ಕೆ ನಾಲ್ಕು ಸಾವಿರ ಎಚ್ಚರಿಕೆ, ಪರದೆಯೆಲ್ಲ ಕೆಂಪು, ಇದು ಎಂತ ಮಾರಾಯ್ರೇ ದೀಪಾವಳಿಯಾ ಎಂದಿದ್ದರು ಸರ್, ಆಮೇಲೆ ಒಂದೊಂದಾಗಿ ಸೋಸಿದ್ದು, ರಿಸೆಪ್ಷನ್ ಬಿಡು, ಬಿಲ್ಲಿನವರನ್ನು ಬಿಡು, ವಾರ್ಡಿನಲ್ಲಿ ಮಲಗಿರುವ ರೋಗಿ ಬಿಡು, ಇವತ್ತು ಬೆಳಿಗ್ಗೆ ಕೊನೆಯ ಶರತ್ತು, ಒಂದು ವರ್ಷದಿಂದ ಆಸ್ಪತ್ರೆಗೇ ಬಾರದ ರೋಗಿಯ ಫೈಲನ್ನು ಒಬ್ಬರೇ ಹತ್ತಕ್ಕಿಂತ ಹೆಚ್ಚು ಸಲ ತೆರೆದಿದ್ದರೆ ಮಾತ್ರ ಕೂಗು. ಇಲ್ಲಿಗೆ ಬರುವ ಮೊದಲು ಪಣಂಬೂರಿನ ಹಡಗಿನ ಕಚೇರಿಯಲ್ಲಿ ಹನ್ನೆರಡು ವರ್ಷ ಕಂಟೇನರುಗಳ ಲೆಕ್ಕ ನೋಡಿದವನು, ಅಲ್ಲಿ ಬಾಗಿಲು ತೆರೆದ ಪೆಟ್ಟಿಗೆ ಎಂದರೆ ಕಳ್ಳತನ, ಬೇರೆ ಅರ್ಥವೇ ಇಲ್ಲ. ಸಿಕ್ಕಿದ, ಎಂದುಕೊಂಡು ಸಾಲಿನ ಮೇಲೆ ಒತ್ತಿದ. ಸಿಕ್ಕಿದವಳು ಹೆಂಗಸು. ಆಂಡ್ರಿಯಾ, ನವಜಾತ ಶಿಶುಗಳ ಘಟಕ, ನಾಲ್ಕನೇ ಮಹಡಿ. ಆ ಆಂಡ್ರಿಯಾ ಸಿಸ್ಟರ್ ಅಲ್ಲ, ಬೇರೆ ಆಂಡ್ರಿಯಾ ಇರಬಹುದು, ಈ ಊರಿನಲ್ಲಿ ಆಂಡ್ರಿಯಾಗಳಿಗೆ ಬರವೇ, ಕೆಳಗೆ ಮೊದಲ ರೋಗಿಯ ನಂಬರು, ಆರು ಅಂಕೆ, ಕೊನೆಗೆ ಸೊನ್ನೆ ಒಂಬತ್ತು — ಈ ನಂಬರನ್ನು ಓದಬೇಕಾಗಿಲ್ಲ, ಬಾಯಿಪಾಠ, ಎಂಬತ್ತಮೂರು ದಿನ ಇದೇ ನಂಬರು ಬರೆದ ಹಳದಿ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಈ ಕಟ್ಟಡದ ಮೆಟ್ಟಿಲು ಹತ್ತಿ ಇಳಿದವನು ತಾನೇ. ಬೇಬಿ ಆಫ್ ಅನುಷ್ಕಾ, ಹೆಂಡತಿಯ ಹೆಸರಿನ ಮೇಲೆ ಮಗಳ ಫೈಲು. ಆಗ ಹೆಸರಿರಲಿಲ್ಲ, ಹೆಸರಿಡುವ ಧೈರ್ಯ ಇರಲಿಲ್ಲ, ಈಗ ಮೋಕ್ಷಾ, ಒಂದನೇ ಕ್ಲಾಸು, ದೇರೆಬೈಲಿನ ಮನೆಯಲ್ಲಿ ಈ ಹೊತ್ತಿಗೆ ಸ್ಕೂಲ್ ಬ್ಯಾಗ್ ಬಿಸಾಡಿ ಅಂಗಳಕ್ಕೆ ಹಾರಿರುತ್ತಾಳೆ.

ಆ ಕೆಂಪು. ಹೌದು, ಅಲ್ಲಿಯೇ. ಏಳುನೂರ ಎಂಬತ್ತು ಗ್ರಾಂ ಮಗು, ಗಾಜಿನ ಪೆಟ್ಟಿಗೆ, ತಂದೆಗೆ ಒಳಗೆ ಬಿಡುವುದು ನಾಲ್ಕರಿಂದ ಐದು, ಒಂದೇ ಗಂಟೆ, ಕೈಯನ್ನು ಮೊಣಕೈವರೆಗೆ ತೊಳೆದು ಹೋಗಿ ನಿಂತರೆ ಕಾಣುವುದು ಅದೊಂದೇ, ಪಾದ, ತನ್ನ ಹೆಬ್ಬೆರಳಿನಷ್ಟು ಪಾದ, ಅದಕ್ಕೆ ಸುತ್ತಿದ ಪಟ್ಟಿ, ಪಟ್ಟಿಯೊಳಗೆ ರಕ್ತದ ಆಮ್ಲಜನಕ ಅಳೆಯುವ ದೀಪ, ಪಾದವೆಲ್ಲ ಒಳಗಿನಿಂದ ಕೆಂಪು, ಎಲುಬು ಕಾಣುತ್ತದೋ ಎಂಬಷ್ಟು ತೆಳು. ಬದುಕಿದರೆ ಬದುಕೀತು, ನಡೆಯುವ ವಿಷಯ ನಾವು ಮಾತು ಕೊಡುವುದಿಲ್ಲ ಎಂದಿದ್ದರು ದೊಡ್ಡ ಡಾಕ್ಟರು. ಒಂದು ದಿನ ಯಂತ್ರ ಕಿರುಚಿತು, ತೊಂಬತ್ತರಲ್ಲಿದ್ದ ಅಂಕೆ ಐವತ್ತಕ್ಕೆ ಇಳಿಯಿತು, ಮೋಹನದಾಸ ಆ ಅಂಕೆಯನ್ನೇ ನೋಡುತ್ತ ನಿಂತ, ಆಂಡ್ರಿಯಾ ಸಿಸ್ಟರ್ ಬಂದರು, ಓಡಿ ಬರಲಿಲ್ಲ, ನಡೆದು ಬಂದರು, ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ, ಬಗ್ಗಿ ಮಗುವಿನ ತುಟಿ ನೋಡಿದರು, ಎದೆ ನೋಡಿದರು. ಮಗುವನ್ನು ನೋಡಿ ಪಪ್ಪಾ ಮೊದಲು, ಆಮೇಲೆ ಮೆಷಿನ್, ಎಂದರು, ಅಲ್ಲಿಗೆ ಬರುವ ಅಪ್ಪಂದಿರೆಲ್ಲ ಅವರಿಗೆ ಪಪ್ಪಾ. ಪಟ್ಟಿಯನ್ನು ಒದ್ದು ಬಿಸಾಡಿದ್ದಾಳೆ, ಅಷ್ಟೇ, ಒದೆಯುವವಳು ಬದುಕ್ತಾಳೆ. ಇನ್ನೊಂದು ದಿನ ಯಂತ್ರ ಸುಮ್ಮನಿತ್ತು, ಅಂಕೆಗಳೆಲ್ಲ ಸರಿ, ಇವರು ಮಾತ್ರ ಬಣ್ಣ ಸರಿ ಇಲ್ಲ ಎಂದು ಡಾಕ್ಟರನ್ನು ಎಳೆದುಕೊಂಡು ಬಂದರು, ಹತ್ತು ನಿಮಿಷ ತಡವಾಗಿದ್ದರೆ ಹೋಗುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಯಾವಾಗಲೂ ಏನಾದರೊಂದು ಕೂಗುತ್ತಲೇ ಇರುತ್ತದೆ, ಹನ್ನೆರಡು ಪೆಟ್ಟಿಗೆ, ಹನ್ನೆರಡು ಯಂತ್ರ, ನಿಮಗೆ ತಲೆ ಕೆಡುವುದಿಲ್ಲವಾ ಸಿಸ್ಟರ್ ಎಂದು ಕೇಳಿದರೆ, ಶಬ್ದ ನಿಲ್ಲಿಸುವ ಬಟನ್ ಉಂಟು, ನಿಲ್ಲಿಸುವುದು ಸುಲಭ, ನೋಡದೆ ನಿಲ್ಲಿಸಬಾರದು ಎಂದಿದ್ದರು.

ಈಗ ಅವರ ಮೇಲೆಯೇ ಎಚ್ಚರಿಕೆ. ಮೋಹನದಾಸ ಹಿಂದಿನ ಸಾಲುಗಳನ್ನು ತೆಗೆದ, ಹೋದ ತಿಂಗಳು, ಅದರ ಹಿಂದಿನ ತಿಂಗಳು, ಕಳೆದ ವರ್ಷ, ಸಾಲು ಬೀಳುವ ಈ ವ್ಯವಸ್ಥೆ ಶುರುವಾದ ಐದು ವರ್ಷದ ಹಿಂದಿನವರೆಗೆ, ತೆಗೆದಷ್ಟೂ ಬರುತ್ತದೆ, ಪ್ರತಿ ತಿಂಗಳ ಮೊದಲ ಶುಕ್ರವಾರ, ಇವತ್ತೂ ಅದೇ, ಅವರು ಇಗರ್ಜಿಗೆ ಪೂಜೆಗೆ ಹೋಗುವ ದಿನ, ಮಧ್ಯಾಹ್ನ ಮೂರೂವರೆ, ಅದು ಅವರ ಚಹಾದ ಹೊತ್ತು. ಒಂದು ಮಗುವಲ್ಲ. ನಲವತ್ತೊಂದು, ಎಲ್ಲ ಅವರ ಘಟಕದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದವು. ಒಂದೊಂದಕ್ಕೆ ನಾಲ್ಕೈದು ಸೆಕೆಂಡು, ಒಂದರ ಹಿಂದೆ ಒಂದು, ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ, ಚಹಾ ತಣಿಯುವುದರೊಳಗೆ. ಎಂತ ನೋಡುತ್ತಾರೆ ಇವರು — ಆ ಕಾಲಮ್ಮನ್ನೂ ಬಿಡಿಸಿದ, ರೋಗದ ವಿವರ ಇಲ್ಲ, ಬಿಲ್ಲು ಇಲ್ಲ, ವಿಳಾಸ ಇಲ್ಲ, ತೂಕ. ಬರೀ ತೂಕ. ಐದು ವರ್ಷ, ನಲವತ್ತೊಂದು ಮಕ್ಕಳು, ಪ್ರತಿ ಸಾಲಿನಲ್ಲಿ ಅದೊಂದೇ ಪದ, ತೂಕ, ತೂಕ, ತೂಕ, ಓದುತ್ತ ಓದುತ್ತ ಮೋಹನದಾಸ ತನಗೆ ತಿಳಿಯದೆಯೇ ಕುರ್ಚಿಯಿಂದ ಎದ್ದು ನಿಂತಿದ್ದ. ಫೋನ್ ನಂಬರು ಅದೇ ಪುಟದಲ್ಲಿ ಉಂಟು, ಪಕ್ಕದ ಬಟನ್, ಒಮ್ಮೆಯೂ ಒತ್ತಿಲ್ಲ, ಇನ್ನೊಬ್ಬರ ಮನೆಯ ಬಾಗಿಲು ತಟ್ಟಲಿಲ್ಲ, ಬೇಲಿಯ ಹೊರಗೆ ನಿಂತು ಮಗು ಬೆಳೆದಿದೆಯಾ ಎಂದು ನೋಡಿ ಹೋದದ್ದು ಅಷ್ಟೇ. ದೇವರೇ, ಹೀಗೂ ಒಬ್ಬರು ಇರುತ್ತಾರಾ.

ಮಗಳ ತೂಕದ ಪಟ್ಟಿ ತೆರೆದ, ತನ್ನ ಹೆಸರೂ ಈಗ ಸಾಲಾಗಿ ಬಿತ್ತು, ಬೀಳಲಿ. ಏಳುನೂರ ಎಂಬತ್ತು ಗ್ರಾಂ, ಒಂದೂಕಾಲು ಕೆಜಿ, ಮೂರು, ಏಳು, ಹತ್ತೂವರೆ, ಹದಿಮೂರು ಕೆಜಿ ನಾನೂರು — ಅಲ್ಲಿಗೆ ನಿಂತಿದೆ, ಎರಡು ವರ್ಷ ಎರಡು ತಿಂಗಳ ಹಿಂದೆ. ನಾಲ್ಕು ತುಂಬಿತು, ಇನ್ನು ಬರುವುದು ಬೇಡ ಎಂದಿದ್ದರು ಡಾಕ್ಟರು, ಅನುಷ್ಕಾ ಆ ಕಟ್ಟಡಕ್ಕೆ ಇನ್ನು ಕಾಲಿಡುವುದಿಲ್ಲ ಎಂದಿದ್ದಳು, ಜ್ವರ ಬಂದರೂ ಮನೆಯ ಹತ್ತಿರದ ಕ್ಲಿನಿಕ್ಕು. ಆಮೇಲೆ ಇಪ್ಪತ್ತಾರು ಶುಕ್ರವಾರ ಆಂಡ್ರಿಯಾ ಈ ಪಟ್ಟಿ ತೆರೆದಿದ್ದಾರೆ, ಇಪ್ಪತ್ತಾರು ಸಲವೂ ಹದಿಮೂರು ನಾನೂರು, ಹೊಸ ಅಂಕೆ ಇಲ್ಲ. ಮಗು ಉಂಟೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಈ ಎರಡು ವರ್ಷದಿಂದ ಮಗುವಿನ ಅಪ್ಪ ಅವರ ಕಾಲ ಕೆಳಗಿನ ಕೋಣೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದಾನೆ, ನಾಲ್ಕನೇ ಮಹಡಿಯ ಕೆಲಸ ಬಂದರೆ ಸಹಾಯಕ ತಮೀಮನನ್ನು ಕಳಿಸುತ್ತಾನೆ, ಲಿಫ್ಟು ಅಲ್ಲಿ ನಿಂತರೆ ತಲೆ ತಗ್ಗಿಸಿ ಫೋನು ನೋಡುತ್ತಾನೆ, ಆ ಬೀಪ್ ಬೀಪ್ ಕೇಳಲಿಕ್ಕೆ ಆಗುವುದಿಲ್ಲ ಎಂಬ ನೆಪ. ನಾಚಿಕೆಯಾಗಬೇಕು ನಿನಗೆ, ಮೋಹನದಾಸ.

ನಿಯಮದ ಪುಟದ ಕೆಳಗೆ ಒಂದು ಚೌಕ, ಈ ಬಳಕೆದಾರರನ್ನು ಬಿಡು, ಒಂದು ಗೀಟು ಹಾಕಿದರೆ ಮುಗಿಯಿತು, ಕೆಂಪು ಚುಕ್ಕಿ ಆರುತ್ತದೆ, ಸಂಕಪ್ಪ ಸರ್‌ಗೆ ಏನೂ ಬಂದಿಲ್ಲ ಎನ್ನಬಹುದು. ಬೆರಳು ಅಲ್ಲಿಗೆ ಹೋಯಿತು ಕೂಡ. ನೋಡದೆ ನಿಲ್ಲಿಸಬಾರದು. ಇನ್ನೊಂದು ಚೌಕ, ಉಲ್ಲಂಘನೆ, ಅದೂ ನೋಡದೆ ನಿಲ್ಲಿಸುವುದೇ. ಎರಡನ್ನೂ ಬಿಟ್ಟು ವಿವರಣೆಯ ಖಾಲಿ ಜಾಗದಲ್ಲಿ ಬರೆದ, ಇವರು ನೋಡಿದ್ದು ತೂಕ ಮಾತ್ರ, ಇವರು ಉಳಿಸಿದ ಮಕ್ಕಳ ತೂಕ, ಅದರಲ್ಲಿ ಒಂದು ಮಗು ನನ್ನದು, ತಂದೆಯಾಗಿ ನನ್ನ ಒಪ್ಪಿಗೆ ಉಂಟು, ಉಳಿದ ನಲವತ್ತು ಮನೆಯವರನ್ನೂ ಕೇಳಬೇಕು, ತೀರ್ಮಾನಕ್ಕೆ ಮೊದಲು ಕೇಳಬೇಕು. ಅಷ್ಟರಲ್ಲಿ ಸಂಕಪ್ಪ ಸರ್ ಫೋನು, ಎಂತ ಬಂತು. ಒಂದು ಬಂದಿದೆ ಸರ್, ಕಳಿಸ್ತೇನೆ, ಆದರೆ ನಾನು ಅದನ್ನು ತೀರ್ಮಾನ ಮಾಡುವ ಹಾಗಿಲ್ಲ, ನನ್ನ ಮಗಳ ಫೈಲು. ಸರ್ ದನಿ ತಗ್ಗಿಸಿದರು. ನೋಡುವ, ಐದಕ್ಕೆ ನೀವೂ ಬಂದು ಕೂತುಕೊಳ್ಳಿ, ಅವರನ್ನು ಉಳಿಸ್ತೇನೆ ಅಂತ ನಾನು ಮಾತು ಕೊಡುವುದಿಲ್ಲ. ಬೇಡ ಸರ್, ಮಾತು ಬೇಡ, ಮನೆಗೆ ಕಳಿಸುವ ಮೊದಲು ಅವರ ಮುಖ ಒಮ್ಮೆ ನೋಡಿ, ಅಷ್ಟು ಸಾಕು.

ಇನ್ನೊಂದು ಕೆಲಸ ಬಾಕಿ, ಅದಕ್ಕೆ ಒಂದು ಅಂಕೆ ಬೇಕು, ಆ ಅಂಕೆ ತನಗೇ ಗೊತ್ತಿಲ್ಲ, ಅಪ್ಪನಿಗೇ ಗೊತ್ತಿಲ್ಲದ್ದನ್ನು ಅವರು ತಿಂಗಳು ತಿಂಗಳು ಹುಡುಕಿದರು. ಅನುಷ್ಕಾಳಿಗೆ ಫೋನು ಮಾಡಿ ಕೇಳಿದ, ಅವಳು ಯಾಕೆ ಎಂದಳು, ಆಮೇಲೆ ಹೇಳ್ತೇನೆ ಎಂದ, ಶಾಲೆಯ ಕಾರ್ಡು ಹುಡುಕಿ ಹೇಳಿದಳು. ಇಂಟರ್‌ಕಾಮ್ ಎತ್ತಿ ನಾಲ್ಕನೇ ಮಹಡಿಯ ನಂಬರು ಒತ್ತಿದ, ಎತ್ತಿದರು, ಹಿಂದೆ ಬೀಪ್ ಬೀಪ್, ಹನ್ನೆರಡು ಯಂತ್ರ, ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ, ಹೇಳಬೇಕೆಂದು ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ, ಸಿಸ್ಟರ್, ನಾನು ಬೇಬಿ ಆಫ್ ಅನುಷ್ಕಾಳ ಅಪ್ಪ, ಹದಿನೇಳು ಕೆಜಿ ಎಂಟುನೂರು. ಬೀಪ್, ಬೀಪ್. ಉಸಿರು ಒಳಗೆಳೆದ ಸದ್ದು. ಅವರಿಗೆ ಅಂಕೆ ಸಾಕಾಗಲಿಲ್ಲ, ತೂಕದ ಕಾಲಮ್ಮಿನಲ್ಲಿ ಯಾವತ್ತೂ ಸಿಗದ ಒಂದನ್ನು ಮೆಲ್ಲಗೆ ಕೇಳಿದರು, ನಡೀತಾಳಾ ಪಪ್ಪಾ? ಓಡ್ತಾಳೆ ಸಿಸ್ಟರ್ ಎನ್ನಬೇಕು, ಅಂಗಳದಲ್ಲಿ ನಿಲ್ಲುವುದಿಲ್ಲ, ಹಿಡಿಯಲಿಕ್ಕೆ ಆಗುವುದಿಲ್ಲ ಎನ್ನಬೇಕು, ಬಾಯಿ ತೆರೆದ, ಕಣ್ಣ ಮುಂದೆ ಗಾಜು, ಗಾಜಿನ ಆಚೆ ಪಾದ, ಹೆಬ್ಬೆರಳಿನಷ್ಟು ಪಾದ, ಒಳಗಿನಿಂದ ಕೆಂಪು, ಗಾಳಿಯನ್ನು ಒದೆಯುತ್ತ, ಒದೆಯುತ್ತ —