ನಿಯಮ ಗೊತ್ತಿದ್ದವರು

ಶಟರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಆದೀಶ್ ಜೋತುಬಿದ್ದು ಎಳೆದ, ಕಾಲಿನಿಂದ ಒದ್ದ, ಆಮೇಲೆ ಬೈದ. ಅದು ಜಪ್ಪಯ್ಯ ಎನ್ನಲಿಲ್ಲ. ಅದನ್ನು ಇಳಿಸುವ ಮರ್ಮ ಗೊತ್ತಿದ್ದದ್ದು ಅಸಿಸ್ಟೆಂಟ್ ಮ್ಯಾನೇಜರ್ ಅಬ್ದುಲ್ ನಾಸಿರರಿಗೆ ಮಾತ್ರ. ಅವರು ಆ ಬೆಳಗ್ಗೆ ಶಿರ್ತಾಡಿಯ ಮನೆಯಲ್ಲಿ ನಮಾಝು ಮುಗಿಸಿ, ಚಹಾ ಕೇಳಿ, ಚಹಾ ಬರುವ ಮೊದಲೇ ತೀರಿಕೊಂಡಿದ್ದರು.

"ಬಿಡು ಮಾರಾಯ, ಅರ್ಧ ಮುಚ್ಚಿದರೂ ಮುಚ್ಚಿದ ಹಾಗೆಯೇ. ಮಧ್ಯಾಹ್ನದ ನಮಾಝಿಗೆ ಮೊದಲು ಮಸೀದಿಗೆ ಮುಟ್ಟಬೇಕು" ಎಂದರು ಜಿನರಾಜರು.

ಮೂಡುಬಿದಿರೆ ಪೇಟೆಯ ಆ ದಿನಸಿ ಅಂಗಡಿ ಜಿನರಾಜರದ್ದು. ಆದೀಶ್ ಅವರ ಅಕ್ಕನ ಮಗ, ಅಂಗಡಿಯ ಮ್ಯಾನೇಜರ್. ಮ್ಯಾನೇಜರ್ ಎಂದರೆ ಕುರ್ಚಿ ಅವನದ್ದು. ಕುರ್ಚಿ ಬಿಟ್ಟು ಮಿಕ್ಕಿದ್ದೆಲ್ಲ ಹನ್ನೆರಡು ವರ್ಷಗಳಿಂದ ನಾಸಿರರ ಪಾಲಿಗೆ. ಯಾವ ಮನೆಯವರಿಗೆ ಯಾವ ಅಕ್ಕಿ ಹಿಡಿಸುತ್ತದೆ, ಯಾರ ಚೀಲದಲ್ಲಿ ನೀರುಳ್ಳಿಯ ಸಿಪ್ಪೆ ಕೂಡ ಇರಬಾರದು, ಸಕ್ಕರೆ ಕಾಯಿಲೆಯವರು ಕದ್ದು ಬೆಲ್ಲ ಕೊಂಡರೆ ಮಗಳಿಗೆ ಹೇಗೆ ಸುದ್ದಿ ಮುಟ್ಟಿಸಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಈ ಕೊನೆಯ ಕೆಲಸಕ್ಕೆ ಅವರು ಬೈಸಿಕೊಂಡದ್ದೂ ಉಂಟು.

ಅಷ್ಟರಲ್ಲಿ ಸುಬ್ಬಪ್ಪನ ರಿಕ್ಷಾ ಬಂದು ನಿಂತಿತು. ಒಳಗಿನಿಂದ ಅನಂತಮತಿಯವರು ಮೊದಲು ಕೋಲು, ಆಮೇಲೆ ಕಾಲು ಕೆಳಗಿಟ್ಟರು. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಎರಡೂ ಕಣ್ಣು ಮಂಜು.

"ನಾಸಿರ್ ಎಲ್ಲಿ? ನಾಳೆಯಿಂದ ದಶಲಕ್ಷಣ ಪರ್ವ, ಹತ್ತು ದಿನದ ವ್ರತ. ನನ್ನ ಬೇಳೆ ಕಟ್ಟಿಟ್ಟಿದ್ದಾನಾ?"

ಜಿನರಾಜರು ಹತ್ತಿರ ಹೋಗಿ ಮೆಲ್ಲಗೆ ವಿಷಯ ಹೇಳಿದರು. ಅನಂತಮತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಅಯ್ಯೋ, ಚಿನ್ನದಂಥ ಮನುಷ್ಯ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

"ಆರಿಸಿದ ಬೇಳೆ ನಿಮಗೆ ಯಾವ ಮನೆಯಿಂದ ಬರ್ತದೆ ಜಿನರಾಜ? ಇನ್ನು ನಾನೇ ಅವರಿಗೆ ಹೇಳಿ ಕಳಿಸ್ತೇನೆ."

"ಆರಿಸಿದ ಬೇಳೆಯಾ? ಅಂಥದ್ದು ನಮ್ಮಲ್ಲಿ ಇಲ್ಲವಲ್ಲ ಅಮ್ಮ."

ಆದೀಶ್ ನೆಲ ನೋಡುತ್ತ ನಿಂತ. ಅವನಿಗೆ ಗೊತ್ತಿತ್ತು.

*

ಒಂಬತ್ತು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಅಂಗಡಿಯಿಂದ ಹೋದ ಹೆಸರುಬೇಳೆಯಲ್ಲಿ ಹುಳ ಇತ್ತು. ಅನಂತಮತಿ ಒಪ್ಪೊತ್ತಿನ ವ್ರತದವರು. ಪ್ರತಿಯೊಂದು ಕಾಳನ್ನೂ ಬೆಳಕಿನಲ್ಲಿ ನೋಡಿ ಆರಿಸದೆ ಒಲೆಯ ಮೇಲಿಡುವವರಲ್ಲ. ಆದರೆ ಆ ವರ್ಷ ಕಣ್ಣು ಕೈಕೊಟ್ಟಿತ್ತು. ಬೆಂದ ತೊವ್ವೆಯಲ್ಲಿ ತೇಲುತ್ತಿದ್ದದ್ದನ್ನು ನೆರೆಮನೆಯಾಕೆ ನೋಡಿ ಹೇಳಿದಾಗ ಅರ್ಧ ಊಟ ಆಗಿಹೋಗಿತ್ತು. ಅಂದಿನಿಂದ ಮೂರು ದಿನ ಅವರು ಒಲೆ ಹಚ್ಚಲಿಲ್ಲ.

ಸುದ್ದಿ ಕೇಳಿ ನಾಸಿರ್ ಅನಂತಮತಿಯವರ ಮನೆಯಂಗಳಕ್ಕೆ ಹೋಗಿ ನಿಂತರು.

"ತಪ್ಪು ನನ್ನದು ಅಮ್ಮ. ಆ ಚೀಲ ನಾನೇ ನೋಡಿ ಕಟ್ಟಬೇಕಿತ್ತು."

"ನಿನ್ನದಲ್ಲ. ಕಣ್ಣು ಹೋದ ಮೇಲೆ ಜೀವಹಿಂಸೆ ಮಾಡಿಕೊಂಡು ಯಾಕೆ ಉಣ್ಣಬೇಕು? ಇನ್ನು ನನಗೆ ಅನ್ನ ಬೇಡ" ಎಂದರು ಅನಂತಮತಿ. ಬೆದರಿಕೆಯ ಮಾತಾಗಿರಲಿಲ್ಲ, ಅವರು ಆಗಲೇ ಅಕ್ಕಿಯ ಡಬ್ಬಿಯನ್ನು ನೆರೆಮನೆಗೆ ಕೊಟ್ಟಾಗಿತ್ತು.

ನಾಸಿರ್ ಹೊಗೆ ಕಾಣದ ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಹೇಳಿದರು: "ಇನ್ನು ನಿಮಗೆ ಆರಿಸಿದ್ದೇ ಬರ್ತದೆ."

"ಆರಿಸುವವರು ಯಾರು?"

"ನಿಯಮ ಗೊತ್ತಿದ್ದವರು."

ಬೆಳುವಾಯಿ ಕಡೆಯ ಯಾರೋ ಜೈನರ ಮನೆ ಇರಬೇಕೆಂದು ಅನಂತಮತಿ ಎಣಿಸಿದರು. ನಾಸಿರ್ ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಮರುದಿನದಿಂದ ಮಧ್ಯಾಹ್ನದ ಬುತ್ತಿ ಬಿಚ್ಚುವಾಗಲೆಲ್ಲ ಜಿನರಾಜರಿಗೆ ಅವರದ್ದು ಒಂದೊಂದು ಪ್ರಶ್ನೆ. ಸೂರ್ಯ ಮುಳುಗಿದ ಮೇಲೆ ಯಾಕೆ ಉಣ್ಣುವುದಿಲ್ಲ? ಗೆಡ್ಡೆ ಯಾಕೆ ಬೇಡ? ನೀರು ಗಾಳಿಸಿದ ಬಟ್ಟೆಯನ್ನು ಎಲ್ಲಿ ತೊಳೆಯಬೇಕು? "ನೀನೇನು ಬಸದಿಗೆ ಸೇರ್ತೀಯಾ?" ಎಂದು ಜಿನರಾಜರು ತಮಾಷೆ ಮಾಡುತ್ತಿದ್ದರು. ಆದರೆ ಉತ್ತರ ಹೇಳುತ್ತಿದ್ದರು.

*

ಆದೀಶ್ ಬಾಯಿಬಿಟ್ಟ. "ಅಜ್ಜಿ, ಆರಿಸ್ತಿದ್ದದ್ದು ನಾಸಿರಣ್ಣನೇ."

ಜಿನರಾಜರು ಆದೀಶನ ಕಡೆ ತಿರುಗಿದರು. ಸುಬ್ಬಪ್ಪ ರಿಕ್ಷಾದ ಕನ್ನಡಿ ಒರೆಸತೊಡಗಿದ. ಅನಂತಮತಿ ಕೋಲೂರಿ ಎದ್ದು ನಿಂತರು.

"ಒಂಬತ್ತು ವರ್ಷ" ಎಂದರು ಅವರು. "ನನ್ನ ವ್ರತ ಉಂಟಾ, ಹೋಗಿದೆಯಾ, ನನಗೆ ಅದು ಗೊತ್ತಾಗಬೇಕು. ನನ್ನನ್ನು ಅವನ ಮನೆಗೆ ಕರಕೊಂಡು ಹೋಗಿ."

ಸಾವಿನ ಮನೆಗೆ ಜಗಳ ಹೊತ್ತುಕೊಂಡು ಹೋಗುವುದು ಜಿನರಾಜರಿಗೆ ಇಷ್ಟವಿರಲಿಲ್ಲ. ಆದರೆ ಅನಂತಮತಿ ಆಗಲೇ ರಿಕ್ಷಾ ಹತ್ತಿದ್ದರು.

ಶಿರ್ತಾಡಿಯ ಮಸೀದಿಯ ಅಂಗಳ ತುಂಬಿತ್ತು. ದಫನಿನ ಹೊತ್ತಿಗೆ ಜಿನರಾಜರು ಚಪ್ಪಲಿ ಕಳಚಿ, ಉಳಿದವರನ್ನು ನೋಡಿಕೊಂಡು, ಎರಡು ಹಿಡಿ ಮಣ್ಣು ಹಾಕಿದರು. ಮೂರನೆಯದಕ್ಕೆ ಕೈ ಬಿಡಿಸಲು ಆಗಲಿಲ್ಲ, ಅತ್ತುಬಿಟ್ಟರು. ಪಕ್ಕದಲ್ಲಿದ್ದ ಬಸ್ಸಿನ ಕಂಡಕ್ಟರ್ ವೆಂಕಪ್ಪ ಅವರ ತೋಳು ಹಿಡಿದುಕೊಂಡ.

"ನನ್ನ ಮಗಳಿಗೆ ಹುಟ್ಟಿದಾಗ ಯಾವ ಹಾಲೂ ಆಗ್ತಿರಲಿಲ್ಲ ಧನಿಗಳೇ" ಎಂದ. "ಹಾಲಿನ ಪುಡಿ ಹುಡುಕಲಿಕ್ಕೆ ನಾಸಿರಣ್ಣ ಮಂಗಳೂರಿಗೆ ಮೂರು ಸಲ ಹೋಗಿದ್ದರು. ಈಗ ಅವಳು ಆರನೇ ಕ್ಲಾಸು."

"ನನಗೆ ಇದು ಗೊತ್ತೇ ಇಲ್ಲ."

"ನಿಮಗೆ ಹೇಳಿದರೆ ನೀವು ಬಸ್ಸಿನ ಚಾರ್ಜು ಕೊಡ್ತೀರಿ ಅಂತ ಹೇಳಿರಲಿಕ್ಕಿಲ್ಲ" ಎಂದ ವೆಂಕಪ್ಪ. ಇಬ್ಬರೂ ಕಣ್ಣೀರಿನಲ್ಲೇ ನಕ್ಕರು.

ಮನೆಯಲ್ಲಿ ಹೆಂಗಸರೆಲ್ಲ ಒಳಕೋಣೆಯಲ್ಲಿದ್ದರು. ನಾಸಿರರ ಮಗಳು ಮುರ್ಶಿದಾ ಅನಂತಮತಿಯವರ ಕೈ ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಹೆಂಡತಿ ಖತೀಜಮ್ಮ ಬಿಳಿ ಬಟ್ಟೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಗಂಡ ತೀರಿದವಳು ಪರಗಂಡಸರೆದುರು ಬರುವಂತಿಲ್ಲವಾದ್ದರಿಂದ ಆದೀಶ್ ಹೊರಗೆ, ಕಿಟಕಿಯ ಬದಿಯಲ್ಲಿ ನಿಂತ.

"ನೀವು ಬೇಳೆಯ ಅಮ್ಮ ಅಲ್ಲವಾ?" ಎಂದರು ಖತೀಜಮ್ಮ.

ಅನಂತಮತಿ ತಬ್ಬಿಬ್ಬಾದರು. "ನನ್ನ ಬೇಳೆ ಈ ಮನೆಯಲ್ಲಿ ಆರಿಸಿದ್ದಾ?"

"ಇಲ್ಲಪ್ಪ! ಇಲ್ಲಿಗೆ ಇವರು ತರ್ತಲೇ ಇರಲಿಲ್ಲ. ಮೀನು ಬೇಯಿಸುವ ಮನೆ ಅಂತ. ಮಂಗಳವಾರ ಅಂಗಡಿಗೆ ರಜೆ, ಇವರಿಗೆ ಇಲ್ಲ. ಅವತ್ತು ಎದ್ದು ಮಿಂದು, ಬರೀ ಗಂಜಿ, ಉಪ್ಪಿನಕಾಯಿ ಉಂಡು ಹೋಗುವುದು. ರಂಝಾನಿನಲ್ಲಾದರೆ ಉಪವಾಸದಲ್ಲೇ. ನಾನು ಎಷ್ಟು ಜಗಳ ಮಾಡಿದ್ದೇನೆ, ಬೇಕಾದರೆ ಮಗಳನ್ನು ಕೇಳಿ. ವಾರಕ್ಕೊಂದು ರಜೆ, ಅದೂ ಬೇಳೆಗೆ ಅಂತ."

ಅನಂತಮತಿ ಮುಂದೆ ಬಾಗಿದರು. ಅವರು ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದಕ್ಕೆ ಬರುವ ಉತ್ತರದ ಹೆದರಿಕೆಯಲ್ಲೇ ಅದನ್ನು ಕೇಳಿದರು.

"ಹೆಕ್ಕಿದ ಹುಳಗಳನ್ನು ಏನು ಮಾಡ್ತಿದ್ದ?"

ಖತೀಜಮ್ಮನಿಗೆ ಗೊತ್ತಿರಲಿಲ್ಲ. ಕಿಟಕಿಯ ಹೊರಗಿನಿಂದ ಆದೀಶನ ದನಿ ಬಂತು.

"ನಾನು ನೋಡಿದ್ದೇನೆ ಅಜ್ಜಿ. ಒಂದು ಮಂಗಳವಾರ ಮೊಬೈಲು ಮರೆತು ಅಂಗಡಿಗೆ ಹೋಗಿದ್ದೆ. ತಾರಸಿಯಲ್ಲಿ ಹರಿವಾಣ ಇಟ್ಟುಕೊಂಡು ಕೂತಿದ್ದರು. ಒಂದೊಂದು ಹುಳವನ್ನೂ ಎಲೆಯ ತುದಿಯಲ್ಲಿ ಎತ್ತಿ ಒಂದು ದೊನ್ನೆಗೆ ಬಿಡ್ತಿದ್ದರು. ಕೈಯಲ್ಲಿ ಹಿಡಿದರೆ ಸಾಯ್ತವಂತೆ. ಆಮೇಲೆ ಕೆಳಗೆ ಹೋಗಿ ಹುಣಸೆಮರದ ನೆರಳಿನಲ್ಲಿ ಬಿಟ್ಟು ಬಂದರು, ಒಂದು ಹಿಡಿ ಬೇಳೆಯ ಸಮೇತ. ಬೇಳೆ ಯಾಕೆ ಅಂತ ಕೇಳಿದೆ. 'ಅವಕ್ಕೂ ಹೊಟ್ಟೆ ಉಂಟಲ್ಲ ಮ್ಯಾನೇಜರೇ' ಅಂದರು."

ಯಾರೋ ಒಬ್ಬಾಕೆ ಬಿಕ್ಕಿದಳು. ಅನಂತಮತಿ ಕುರ್ಚಿಯಿಂದ ಇಳಿದು, ತಡವರಿಸುತ್ತ, ಚಾಪೆಯ ಮೇಲೆ ಖತೀಜಮ್ಮನ ಪಕ್ಕ ಕುಳಿತರು.

"ನನ್ನ ವ್ರತ ನಾನು ಮಾಡಿದ್ದು ಅಂತ ತಿಳಿದಿದ್ದೆ" ಎಂದರು. "ಮಾಡಿದ್ದು ನಿನ್ನ ಗಂಡ. ನಾನು ಉಂಡೆ, ಅಷ್ಟೆ."

ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಬಿಸಿಲು ಇಳಿಯುತ್ತ ಬಂದಿತ್ತು. ಮುರ್ಶಿದಾ ಬಳಿಗೆ ಬಂದು, "ಅಜ್ಜಿ, ಬಾಯಾರಿಕೆಗೆ ಏನಾದರೂ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು.

"ಅವರು ಹೊರಗೆ ಎಲ್ಲಿಯೂ ನೀರು ಮುಟ್ಟುವುದಿಲ್ಲ" ಎಂದು ಆದೀಶ್ ಹೊರಗಿನಿಂದ ಅವಸರದಲ್ಲಿ ಹೇಳಿದ.

"ಕೊಡು ಮಗಾ" ಎಂದರು ಅನಂತಮತಿ. "ಬಟ್ಟೆಯಲ್ಲಿ ಗಾಳಿಸಿ ಕೊಡು."

ಮುರ್ಶಿದಾ ಹೊಸ ಬಟ್ಟೆಯೊಂದನ್ನು ಎರಡು ಮಡಿಕೆ ಮಾಡಿ, ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ಗಾಳಿಸಿ ಲೋಟ ತಂದುಕೊಟ್ಟಳು. ಕೊಟ್ಟವಳು ನಿಲ್ಲಲಿಲ್ಲ. ಗಾಳಿಸಿದ ಬಟ್ಟೆಯನ್ನು ಮಗುಚಿ, ಸ್ವಲ್ಪ ನೀರಿನಲ್ಲಿ ಅದ್ದಿ ತೊಳೆದು, ಆ ನೀರನ್ನು ಕೊಡಪಾನಕ್ಕೆ ಸುರಿದು ಬಾವಿಕಟ್ಟೆಗೆ ನಡೆದಳು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಬಂದ ಬಾವಿಗೇ ಹಿಂದಿರುಗಬೇಕೆಂದು ಆ ಮನೆಯಲ್ಲಿ ಈಗ ಯಾರೂ ಅವಳಿಗೆ ಹೇಳಿರಲಿಲ್ಲ.

ರಾಟೆ ನಿಧಾನವಾಗಿ ತಿರುಗುವ ಸದ್ದು ಒಳಗೆ ಕೇಳಿಸುತ್ತಿತ್ತು. ಅನಂತಮತಿ ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊಟ್ಟು ಕುಳಿತಿದ್ದರು. ಕೊಡಪಾನ ನೀರಿಗೆ ಮೆತ್ತಗೆ ತಾಗಿತು. ಆಗ ಅವರು ಲೋಟವನ್ನು ಎತ್ತಿ ಕುಡಿದರು.